ಶೆಡ್ಡಿನ ನಡುವೆ ಒಂದು ಸಹಿ

೬ ಅಕ್ಟೋಬರ್ ೨೦೨೫, ಸೋಮವಾರ

ಈ ನೋಟ್‌ಬುಕ್ ಯಾರ ಕೈಗಾದರೂ ಸಿಕ್ಕರೆ ಮೊದಲೇ ಹೇಳಿಬಿಡುತ್ತೇನೆ. ಅಕ್ಷರ ಸೊಟ್ಟಗಿವೆ, ಕಾಗುಣಿತ ತಪ್ಪಿರುತ್ತದೆ, ಹೊಟ್ಟೆಗೆ ಹಾಕಿಕೊಳ್ಳಿ. ನಾನು ಓದಿದ್ದು ಐದನೆಯ ಇಯತ್ತೆಯವರೆಗೆ. ದಿನವಿಡೀ ಮೆಣಸಿನಕಾಯಿ ತೊಟ್ಟು ಬಿಡಿಸಿದ ಬೆರಳುಗಳು ಸಂಜೆಗೆ ಉರಿಯುತ್ತವೆ, ಪೆನ್ನು ಗಟ್ಟಿ ಹಿಡಿಯಲಾಗುವುದಿಲ್ಲ. ಬಾಯಿಂದ ಬಾರದ ಮಾತು ಬರೆದರೆ ಬಂದೀತೆಂದು ಕೂತಿದ್ದೇನೆ. ಯಾರಿಗೂ ತೋರಿಸಲಿಕ್ಕಲ್ಲ.

ನಮ್ಮ ಕಂಪನಿಗೆ ನೋಟಿಸು ಬಂದಿದೆ.

ಬ್ಯಾಡಗಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನಮ್ಮ ಶೆಡ್. ಮೂರು ವರ್ಷದ ಹಿಂದೆ ನಲವತ್ತೆರಡು ಹೆಂಗಸರು ಕೂಡಿ ಕಂಪನಿ ಮಾಡಿಕೊಂಡೆವು. ಹೆಸರು ಕೆಂಪುಬುಟ್ಟಿ. ಅದಕ್ಕೂ ಮೊದಲು ಒಬ್ಬೊಬ್ಬರು ಒಬ್ಬೊಬ್ಬ ಸಾವುಕಾರರ ಅಂಗಳದಲ್ಲಿ ಕೂತು, ಅವರು ಎಬ್ಬಿಸಿದಾಗ ಏಳುತ್ತಿದ್ದೆವು. ಈಗ ಕೋಲ್ಡ್ ಸ್ಟೋರೇಜಿನಿಂದ ಮಾಲು ನಮ್ಮ ಹೆಸರಿಗೇ ಬರುತ್ತದೆ. ಡೈರೆಕ್ಟರುಗಳು ಐದು ಮಂದಿ. ಅವರಲ್ಲಿ ಆಧಾರ್, ಪ್ಯಾನ್, ಫೋನ್ ನಂಬರು ಮೂರೂ ಹೊಂದಿಕೆಯಾದದ್ದು ನನ್ನೊಬ್ಬಳದೇ. ಅದಕ್ಕೆ ಡಿಜಿಟಲ್ ಸಹಿಯ ಡಾಂಗಲ್ ನನ್ನ ಹೆಸರಿನಲ್ಲಿ ಆಯಿತು. ಹೆಬ್ಬೆರಳಿನಷ್ಟು ಉದ್ದದ ವಸ್ತು. ಕಂಪ್ಯೂಟರಿಗೆ ಚುಚ್ಚಿ ಪಿನ್ ಒತ್ತಿದರೆ ಸರಕಾರದ ಕಾಗದದ ಮೇಲೆ ನನ್ನ ಸಹಿ ಬೀಳುತ್ತದೆ. ನಾನು ಅದನ್ನು ನೋಡಿದ್ದು ಒಂದೇ ಸಲ. ಮಾಡಿಸಿಕೊಟ್ಟ ರಾಣೆಬೆನ್ನೂರಿನ ಏಜೆಂಟ್ ಶಂಭುಲಿಂಗ ಅವರೇ ಅದನ್ನೂ ಪಿನ್ನನ್ನೂ ಇಟ್ಟುಕೊಂಡರು. ಎಲ್ಲರೂ ಹಾಗೇ ಮಾಡುತ್ತಾರಂತೆ.

ನೋಟಿಸು ಇಂಗ್ಲಿಷಿನಲ್ಲಿತ್ತು. ಶಾರದವ್ವನ ಮಗಳು ಸ್ನೇಹಾ ಕಾಲೇಜಿನವಳು, ಓದಿ ಹೇಳಿದಳು. ಎರಡು ವರ್ಷದಿಂದ ಕಂಪನಿ ಯಾವ ಕೆಲಸವನ್ನೂ ಮಾಡಿಲ್ಲವೆಂದು ನೀವೇ ವರದಿ ಕೊಟ್ಟಿದ್ದೀರಿ, ಹಾಗಿದ್ದರೆ ಕಂಪನಿಯ ಹೆಸರನ್ನು ಸರಕಾರದ ಪಟ್ಟಿಯಿಂದ ಏಕೆ ತೆಗೆಯಬಾರದು, ಅಕ್ಟೋಬರ್ ೩೧ರೊಳಗೆ ಉತ್ತರಿಸಿ ಎಂದಿತ್ತು. ಜೊತೆಗೆ ಆ ವರದಿಯ ನಕಲು. ಕೆಳಗೆ ನನ್ನ ಹೆಸರು, ನನ್ನ ಸಹಿ.

ಹೆಸರು ಹೋದರೆ ಮಾರುಕಟ್ಟೆಯ ಲೈಸೆನ್ಸು ಹೋಗುತ್ತದೆ, ಶೆಡ್ ಹೋಗುತ್ತದೆ. ಮತ್ತೆ ಸಾವುಕಾರರ ಅಂಗಳ.

ಶಾರದವ್ವ ನಮ್ಮಲ್ಲೆಲ್ಲ ಹಿರಿಯಳು. ಅವಳು ಬೈಯಲಿಲ್ಲ. "ಎರಡು ವರ್ಸ ನಾವೇನ್ ನಿದ್ದಿ ಮಾಡೇವೇನ, ಮೆಹನಾಜ?" ಎಂದಳು. ತೊಟ್ಟು ಬಿಡಿಸಿದ ಕಾಯಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತಿದ್ದೆ.

೭ ಅಕ್ಟೋಬರ್, ಮಂಗಳವಾರ

ಅಮ್ಮಿಯ ಜೊತೆ ರಾಣೆಬೆನ್ನೂರಿಗೆ ಹೋದೆ. ನನ್ನ ತಾಯಿ, ಅವಳೂ ನಮ್ಮ ಶೆಡ್ಡಿನಲ್ಲೇ ತೊಟ್ಟು ಬಿಡಿಸುವವಳು. ಶಂಭುಲಿಂಗ ಅವರ ಆಫೀಸಿನ ಗೋಡೆಗೆ ಸಾಲುಸಾಲು ಮೊಳೆ. ಒಂದೊಂದು ಮೊಳೆಗೂ ಒಂದೊಂದು ಡಾಂಗಲ್ ನೇತಾಡುತ್ತಿತ್ತು, ಮೈಗೆ ಪಟ್ಟಿ ಅಂಟಿಸಿ ಹೆಸರು ಬರೆದಿದ್ದರು. ಕುಪ್ಪೇಲೂರಿನ ಸೊಸೈಟಿಯವರದು, ಬೀಜದ ಅಂಗಡಿಯವರದು, ಗುತ್ತಿಗೆದಾರರದು. ನೂರಕ್ಕೂ ಹೆಚ್ಚು ಜನರ ಸಹಿ ಒಂದೇ ಗೋಡೆಯ ಮೇಲೆ.

ಅವರು ಕೆಟ್ಟವರಲ್ಲ. ಚಹಾ ತರಿಸಿದರು. "ಸಣ್ಣ ಕಂಪನಿ ಐತಿ ತಂಗಿ. ವ್ಯವಹಾರ ಇಲ್ಲ ಅಂತ ಹಾಕಿದ್ರ ಯಾರಿಗೂ ಕಿರಿಕಿರಿ ಇರಂಗಿಲ್ಲ. ಎಲ್ಲಾರದೂ ಹಂಗ ಹಾಕೇನಿ," ಎಂದರು. ಉತ್ತರವನ್ನೂ ತಾವೇ ಹಾಕುತ್ತೇನೆ, ಚಿಂತೆ ಬೇಡ ಎಂದರು.

ನನ್ನ ಡಾಂಗಲ್ ಕೊಡಿ ಎಂದು ಕೇಳಬೇಕೆಂದು ಬಸ್ಸಿನ ತುಂಬ ಅಂದುಕೊಂಡು ಬಂದಿದ್ದೆ. "ಕೊಡ್ರಿ" ಎಂದಷ್ಟೇ ಬಂತು, ಅದೂ ಅವರಿಗೆ ಕೇಳಿಸಲಿಲ್ಲ. ಅಮ್ಮಿ ಮುಂದಿನ ಮಾತು ಆಡಿದಳು. ಅವರು ಮೊಳೆಯಿಂದ ತೆಗೆದು, ಒಂದು ಚೀಟಿಯಲ್ಲಿ ಆರು ಅಂಕಿ ಬರೆದುಕೊಟ್ಟರು. ಬರುವಾಗ ಬಸ್ಸಿನಲ್ಲಿ ಅದನ್ನು ಮುಷ್ಟಿಯಲ್ಲೇ ಹಿಡಿದಿದ್ದೆ. ಇಷ್ಟು ಹಗುರದ ವಸ್ತು ಅಷ್ಟು ದೊಡ್ಡ ಸುಳ್ಳು ಹೇಳಿದೆ.

೯ ಅಕ್ಟೋಬರ್, ಗುರುವಾರ

ಶೆಡ್ಡಿನಲ್ಲಿ ಸಭೆ. ಹಾವೇರಿಯ ಆಡಿಟರ್ ನಿರ್ಮಲಾ ಮೇಡಂ ಉತ್ತರವನ್ನೂ ತಿದ್ದಿದ ವರದಿಗಳನ್ನೂ ಬರೆದುಕೊಡಲು ಒಪ್ಪಿದ್ದಾರೆ. ಕೊನೆಯ ಸಹಿ ಮಾತ್ರ ನನ್ನದು.

ಅದು ಎಲ್ಲಿ ಆಗಬೇಕೆಂಬ ಮಾತು ಬಂತು. ನಮ್ಮಲ್ಲಿ ಒಂದು ಕಟ್ಟುಪಾಡಿದೆ. ತಕ್ಕಡಿ ಶೆಡ್ಡಿನ ನಟ್ಟನಡುವೆ. ಯಾರ ಬುಟ್ಟಿಯನ್ನೂ ಮೂಲೆಯಲ್ಲಿ ತೂಗುವಂತಿಲ್ಲ, ಎಲ್ಲರೂ ನೋಡಿದ ತೂಕವೇ ತೂಕ. ಸಹಿಯೂ ಹಾಗೇ ಆಗಲಿ ಎಂದಳು ಶಾರದವ್ವ. ನಮ್ಮ ಶೆಡ್ಡು, ನಮ್ಮ ಕಂಪ್ಯೂಟರು, ಎಲ್ಲರ ಕಣ್ಣ ಮುಂದೆ. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ.

ನಮ್ಮ ಕಂಪ್ಯೂಟರ್ ಮುಚ್ಚಿದ ಶಾಲೆಯೊಂದರಿಂದ ಬಂದದ್ದು. ವಿಂಡೋಸ್ ಹಾಕಿದರೆ ಏದುಸಿರು ಬಿಡುತ್ತಿತ್ತಂತೆ. ರಾಣೆಬೆನ್ನೂರಿನ ರಿಪೇರಿ ಅಂಗಡಿಯ ಜಹೀರ್ ಅಣ್ಣ ಅದಕ್ಕೆ ಲಿನಕ್ಸ್ ಹಾಕಿದ. ನಮ್ಮ ಡಾಂಗಲ್ಲಿಗೆ ಬೇಕಾದ ತಂತ್ರಾಂಶವನ್ನೂ ಆಗಲೇ ಕೂಡಿಸಿದ್ದ. ದಿನದ ತೂಕ ಬರೆಯುವುದನ್ನು ಅವನೇ ನನಗೆ ಕಲಿಸಿದ್ದು.

೧೦ ಅಕ್ಟೋಬರ್, ಶುಕ್ರವಾರ

ಏನಾಯಿತೆಂದು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಒಮ್ಮೆ ತೆರೆದು ನೋಡೋಣವೆಂದು ಡಾಂಗಲ್ ಚುಚ್ಚಿದೆ. ಸಣ್ಣ ಕಿಟಕಿ ತೆರೆದು ಪಿನ್ ಕೇಳಿತು. ಚೀಟಿ ನೋಡಿ ಆರು ಅಂಕಿ ಒತ್ತಿದೆ. ತಪ್ಪು ಎಂದಿತು.

"ಸರಿ ಇತ್ಲಾಗ," ಎಂದು ಶಾರದವ್ವ ಬಂದು ಕೂತಳು. ಹೊಸ ಚೀಲದ ಬಾಯಿ ಬಿಚ್ಚುವುದು ಯಾವಾಗಲೂ ಅವಳೇ. ಅವಳ ಕೈಗುಣ ದೊಡ್ಡದು, ಅವಳು ಬಿಚ್ಚಿದ ಚೀಲದಲ್ಲಿ ಬಣ್ಣಗೆಟ್ಟ ಬಿಳಿಗಾಯಿ ಕಡಿಮೆ ಎಂಬ ಮಾತಿದೆ. ಅವಳು ಒತ್ತಿದಳು. ತಪ್ಪು. ಅಮ್ಮಿ ಬಿಸ್ಮಿಲ್ಲಾ ಎಂದು ಒತ್ತಿದಳು. ತಪ್ಪು. ಆಮೇಲೆ ಹೊಲ ಬಿತ್ತಲು ಊರವರು ಕರೆಯುವವಳೊಬ್ಬಳು, ಅವಳಿ ಮಕ್ಕಳ ತಾಯಿಯೊಬ್ಬಳು, ಹೀಗೆ ಒಬ್ಬರಾದ ಮೇಲೆ ಒಬ್ಬರು. ಅಂಕಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ, ನನಗೂ ಬರಲಿಲ್ಲ. ಅಂಕಿ ಅಂಕಿಯೇ, ಕೈಯೇ ಬೇರೆ ಬೇರೆ ಎಂದುಕೊಂಡೆವು.

ಹತ್ತನೆಯ ಕೈಗೆ ಕಿಟಕಿ ಕೆಂಪಾಯಿತು. ಡಾಂಗಲ್ ಲಾಕ್ ಆಗಿದೆ ಎಂದು ಬಂತು. ಇನ್ನು ಸರಿ ಪಿನ್ ಒತ್ತಿದರೂ ತೆಗೆಯುವುದಿಲ್ಲ.

ಸಂಜೆ ಶಂಭುಲಿಂಗ ಅವರ ಫೋನ್. ಅವಸರದಲ್ಲಿ ಬೇರೆ ಯಾರದೋ ಪಿನ್ ಬರೆದುಕೊಟ್ಟಿದ್ದರಂತೆ.

೧೧ ಅಕ್ಟೋಬರ್, ಶನಿವಾರ

ಕಂಪ್ಯೂಟರಿನ ಹತ್ತಿರ ಯಾರೂ ಹೋಗಲಿಲ್ಲ. ಕೆಲಸ ಮಾತ್ರ ಆಯಿತು.

೧೩ ಅಕ್ಟೋಬರ್, ಸೋಮವಾರ

ಹಾವೇರಿಗೆ ಹೋದೆ. ನಿರ್ಮಲಾ ಮೇಡಂಗೆ ಕೈಗುಣದ ಕಥೆ ಹೇಳಿದಾಗ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅತ್ತರೋ ನಕ್ಕರೋ ತಿಳಿಯಲಿಲ್ಲ. "ಛಲೋನ ಆತ ಬಿಡು. ಮಂದಿ ಕೈಯಾಗ ಇಷ್ಟು ವರ್ಸ ಇದ್ದದ್ದು ರದ್ದಾಗಬೇಕಿತ್ತು," ಎಂದು ಹೊಸ ಡಾಂಗಲ್ಲಿಗೆ ಅರ್ಜಿ ತುಂಬಿದರು.

ಅರ್ಜಿ ಹಾಕಿದವಳು ನಾನೇ ಎಂದು ವಿಡಿಯೊದಲ್ಲಿ ಹೇಳಬೇಕು. ನಮ್ಮದು ಬಟನ್ ಫೋನು, ಆದ್ದರಿಂದ ಮೇಡಂ ಆಫೀಸಿನ ಕ್ಯಾಮೆರಾದ ಮುಂದೆ ಕೂತೆ. ಪ್ಯಾನ್ ಕಾರ್ಡನ್ನು ಮುಖದ ಪಕ್ಕ ಹಿಡಿದು, "ನನ್ನ ಹೆಸರು ಮೆಹನಾಜ, ಡಿಜಿಟಲ್ ಸಹಿಗೆ ನಾನೇ ಅರ್ಜಿ ಹಾಕಿದ್ದೇನೆ" ಎನ್ನಬೇಕು. ಇಷ್ಟೇ. ಆ ಕಪ್ಪು ಚುಕ್ಕೆ ಕಣ್ಣಿನಂತೆ ನೋಡುತ್ತಿತ್ತು. ನಾನು ಮೇಜು ನೋಡಿಕೊಂಡು ಹೇಳಿದೆ.

೧೫ ಅಕ್ಟೋಬರ್, ಬುಧವಾರ

ಮುಖ ಸರಿಯಾಗಿ ಕಾಣುವುದಿಲ್ಲವೆಂದು ವಿಡಿಯೊ ತಿರಸ್ಕಾರವಾಯಿತು. ಮತ್ತೆ ಹಾವೇರಿ. ಈ ಸಲ ತಲೆ ಎತ್ತಿದೆ, ದನಿ ಹೋಯಿತು. ಬಸ್ಸು ಬ್ಯಾಡಗಿ ಮುಟ್ಟುವ ಮೊದಲೇ ಮೇಡಂ ಫೋನ್ ಮಾಡಿದರು. ಮಾತು ಕೇಳಿಸುವುದಿಲ್ಲವಂತೆ, ಅದೂ ತಿರಸ್ಕಾರ.

ದೀಪಾವಳಿ ಹತ್ತಿರ ಬಂತು. ರಜೆ ಶುರುವಾದರೆ ಯಾರೂ ಅರ್ಜಿ ನೋಡುವುದಿಲ್ಲ.

೧೭ ಅಕ್ಟೋಬರ್, ಶುಕ್ರವಾರ

ನಿನ್ನೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಚೀಲಗಳ ಹಿಂದೆ ನಿಂತು ಆ ಮಾತನ್ನು ಹೇಳಿ ಹೇಳಿ ನೋಡಿದೆ. ಗೋಡೆಯಾಚೆಯ ಹಮಾಲರು ನಕ್ಕರು. ನಾನು ನಿಲ್ಲಿಸಲಿಲ್ಲ.

ಇವತ್ತು ಕ್ಯಾಮೆರಾದ ಮುಂದೆ ಕೂತಾಗ ಆ ಹಳೆಯ ವರದಿ ನೆನಪಾಯಿತು. ವ್ಯವಹಾರ ಇಲ್ಲ. ಅಮ್ಮಿ ಉರಿಯುವ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುವುದು ಕಣ್ಣಿಗೆ ಬಂತು. ಮಾತು ತಾನೇ ಬಂತು. ಸ್ವಲ್ಪ ಜೋರಾಯಿತೇನೋ, ಮೇಡಂಗಾಗಿ ಹೊರಗೆ ಕಾದು ಕೂತವರು ಒಳಗೆ ಇಣುಕಿದರು.

ಸಂಜೆ ಐದಕ್ಕೆ ಒಪ್ಪಿಗೆಯ ಮೆಸೇಜು ಬಂತು.

೨೪ ಅಕ್ಟೋಬರ್, ಶುಕ್ರವಾರ

ಹಬ್ಬ ಮುಗಿದ ಮೇಲೆ ಹೊಸ ಡಾಂಗಲ್ ಬಂದಿದೆ. ಬೇರೆ ಕಂಪನಿಯದು, ಬಣ್ಣ ನೀಲಿ. ಮೇಡಂ ತಮ್ಮ ಕಂಪ್ಯೂಟರಿನಲ್ಲಿ ನನ್ನ ಸಹಿಯ ಪ್ರಮಾಣಪತ್ರವನ್ನು ಅದರೊಳಗೆ ಇಳಿಸಿಕೊಟ್ಟರು. ಪಿನ್ ಇಡುವ ಹೊತ್ತಿಗೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಒಳ್ಳೆಯ ಪಿನ್ ಯಾವುದೆಂದು ಕೇಳಿದೆ. ಅದನ್ನು ಕೇಳಬಾರದು, ಹೇಳಲೂಬಾರದು ಎಂದರು.

ಉತ್ತರ, ವರದಿ ಎರಡೂ ಸಿದ್ಧವಿದ್ದವು. "ಇಲ್ಲೇ ಒತ್ತಿಬಿಡು. ಎರಡ ನಿಮಿಷದ ಕೆಲಸ," ಎಂದರು ಮೇಡಂ.

ಎರಡು ನಿಮಿಷ. ಮನೆಗೆ ಹೋಗಿ ನೆಮ್ಮದಿಯಿಂದ ಇರಬಹುದಿತ್ತು.

"ಶೆಡ್ಡಿನ್ಯಾಗ ಮಾಡಬೇಕ್ರಿ ಮೇಡಂ," ಎಂದೆ. "ಎಲ್ಲಾರೂ ನೋಡಬೇಕು ಅಂತ ಆಗೇತಿ."

"ನಿಮ್ಮ ಲಿನಕ್ಸ್ ಈ ನೀಲಿದನ್ನ ಗುರುತು ಹಿಡೀಲಿಲ್ಲ ಅಂದ್ರ?"

"ಹಿಡಿಸ್ತೀನ್ರಿ."

ಯಾವ ಧೈರ್ಯದಿಂದ ಅಂದೆನೋ ಗೊತ್ತಿಲ್ಲ. ಮೇಡಂಗೆ ಸಿಟ್ಟು ಬಂತು, ಆದರೂ ಒಪ್ಪಿದರು. ಮೂವತ್ತರ ಸಂಜೆಯೊಳಗೆ ಆಗದಿದ್ದರೆ ಮೂವತ್ತೊಂದರ ಮೊದಲ ಬಸ್ಸಿಗೆ ಹಾವೇರಿಗೆ ಬರಬೇಕೆಂದು ಮಾತು ತೆಗೆದುಕೊಂಡರು. ಕೊನೆಯ ದಿನ ಸರಕಾರದ ಜಾಲತಾಣ ಜನಜಂಗುಳಿಯಿಂದ ನಿಂತುಹೋಗುವುದುಂಟು ಎಂದೂ ಹೇಳಿದರು.

೨೫ ಅಕ್ಟೋಬರ್, ಶನಿವಾರ

ಗುರುತು ಹಿಡಿಯಲಿಲ್ಲ. ಚುಚ್ಚಿದರೆ ದೀಪ ಹತ್ತುತ್ತದೆ, ಜಾಲತಾಣ ಮಾತ್ರ ಡಾಂಗಲ್ ಕಾಣುತ್ತಿಲ್ಲ ಎನ್ನುತ್ತದೆ. ಇನ್ನೊಂದು ತೂತಿಗೆ ಚುಚ್ಚಿದೆ. ಕಂಪ್ಯೂಟರ್ ಆರಿಸಿ ಹಚ್ಚಿದೆ. ಅದೇ.

ವಿಂಡೋಸ್ ಇರುವ ಕಡೆ ಹೋಗಬಾರದೇ ಎಂದು ನಾಲ್ಕು ಮಂದಿ ಕೇಳಿದರು. ನೀವೇ ಕೈ ಎತ್ತಿದ್ದಿರಿ ಎಂದೆ.

ಪರದೆಯ ಮೇಲೆ ಬಂದ ಇಂಗ್ಲಿಷನ್ನೆಲ್ಲ ಒಂದೊಂದೇ ಅಕ್ಷರ ನೋಡಿ ಇದೇ ನೋಟ್‌ಬುಕ್ಕಿನ ಹಿಂದಿನ ಹಾಳೆಗೆ ಇಳಿಸಿದೆ. ಅರ್ಥ ಗೊತ್ತಿಲ್ಲ. ಚುಕ್ಕೆ, ಗೀಟು ಒಂದನ್ನೂ ಬಿಡಲಿಲ್ಲ.

೨೭ ಅಕ್ಟೋಬರ್, ಸೋಮವಾರ

ಒಬ್ಬಳೇ ರಾಣೆಬೆನ್ನೂರಿಗೆ ಹೋದೆ. ಜಹೀರ್ ಅಣ್ಣನ ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಹಾಳೆ ಕೊಟ್ಟೆ. ಅವನು ಓದುತ್ತಾ ಓದುತ್ತಾ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಚುಕ್ಕಿ ಸೈತ ಬಿಟ್ಟಿಲ್ಲಲ್ಲ ನೀ," ಎಂದ. "ಇಂಜಿನಿಯರಿಂಗ್ ಓದಿದವ್ರು ಬರ್ತಾರ. ಏನೋ ಎರರ್ ಬಂತಣ್ಣ ಅಂತಾರ. ಏನ್ ಬಂತು ಅಂದ್ರ, ಏನೋ ಬಂತು."

ಎರಡು ತೊಡಕಿದೆಯಂತೆ. ಹೊಸ ಡಾಂಗಲ್ಲಿನ ತಂತ್ರಾಂಶ ನಮ್ಮ ಕಂಪ್ಯೂಟರಿನಲ್ಲಿ ಇಲ್ಲ, ಅದೊಂದು. ಇನ್ನೊಂದು ಬ್ರೌಸರಿನದು. "ಅದು ಈಗ ಪೆಟಿಗ್ಯಾಗ ಕುಂತೈತಿ. ಸುರಕ್ಷಿತ ಖರೇ, ಆದ್ರ ಪೆಟಿಗಿ ಹೊರಗಿನ ಡಾಂಗಲ್ ಅದಕ್ಕ ಕಾಣಂಗಿಲ್ಲ. ಅದನ್ನ ತಗದು, ಪೆಟಿಗಿ ಇಲ್ಲದ್ದು ಹಾಕಬೇಕು." ನನಗೆ ಪೂರ್ತಿ ತಿಳಿಯಿತು. ಸೆರೆಮನೆಯಲ್ಲಿದ್ದವರಿಗೆ ಬೀದಿಯ ಮನುಷ್ಯ ಕಾಣುವುದಿಲ್ಲವಲ್ಲ, ಹಾಗೆ.

ಅಂಗಡಿ ಬಿಟ್ಟು ಬರಲು ಅವನಿಗೆ ಆಗದು. ಕಂಪ್ಯೂಟರಿಗೆ ಕೊಡುವ ಐದು ಸಾಲು ಆಜ್ಞೆ ಬರೆದುಕೊಟ್ಟ, ಕೀಲಿಮಣೆಯಲ್ಲಿ ನಾನೇ ಹೊಡೆಯಬೇಕು. "ತಪ್ಪಿದ್ರ ಏನಾಗತೈತಿ?" ಎಂದು ಕೇಳಿದೆ. "ತಪ್ಪು ಅಂತ ಹೇಳತೈತಿ. ಬರಕೊಂಡ ಬಾ," ಎಂದ.

೨೮ ಅಕ್ಟೋಬರ್, ಮಂಗಳವಾರ

ಮೊದಲ ಸಾಲಿಗೇ ಕಂಪ್ಯೂಟರ್ ತನ್ನ ಪಾಸ್‌ವರ್ಡ್ ಕೇಳಿತು. ಒತ್ತಿದೆ. ಏನೂ ಮೂಡಲಿಲ್ಲ. ಅಕ್ಷರವಿಲ್ಲ, ಚುಕ್ಕೆಯೂ ಇಲ್ಲ. ಮೆಣಸಿನಕಾಯಿ ಧೂಳು ಹೋಗಿ ಕೀಲಿಮಣೆ ಸತ್ತಿತೆಂದುಕೊಂಡೆ. ಅದನ್ನು ಬೋರಲು ಹಾಕಿ ಕೊಡವಿದೆ. ಒಂದು ಚಮಚ ಕೆಂಪು ಪುಡಿ, ಏಳೆಂಟು ಬೀಜ ಬಿದ್ದವು. ಶೆಡ್ಡೆಲ್ಲ ಸೀನಿತು. ಒಂದೊಂದು ಗುಂಡಿಯನ್ನೂ ಬಟ್ಟೆಯಿಂದ ಒರೆಸಿದೆ. ಮತ್ತೆ ಒತ್ತಿದೆ. ಏನೂ ಇಲ್ಲ. ಮಧ್ಯಾಹ್ನ ಇದರಲ್ಲೇ ಹೋಯಿತು.

ಕೊನೆಗೆ ಬಟನ್ ಫೋನಿನಿಂದ ಜಹೀರ್ ಅಣ್ಣನಿಗೆ ಹಚ್ಚಿದೆ. ಅವನು ನಗಲಿಲ್ಲ.

"ಅದು ಹಂಗ ಐತಿ ತಂಗಿ. ಪಾಸ್‌ವರ್ಡ್ ಕಾಣಂಗಿಲ್ಲ, ಆದ್ರ ಬೀಳತೈತಿ. ನಂಬಿ ಹೊಡಿ."

ನಂಬಿ ಹೊಡೆದೆ. ಪರದೆಯ ಮೇಲೆ ಸಾಲುಗಳು ಓಡತೊಡಗಿದವು.

೨೯ ಅಕ್ಟೋಬರ್, ಬುಧವಾರ

ಐದೂ ಸಾಲು ಮುಗಿದವು. ಮೂರನೆಯದು ಎರಡು ಸಲ ತಪ್ಪಿತು, ತಪ್ಪಿದ್ದನ್ನು ಬರೆದುಕೊಂಡು, ಫೋನಿನಲ್ಲಿ ಓದಿ ಹೇಳಿ, ತಿದ್ದಿದೆ. ಸಂಜೆ ನಾಲ್ಕೂವರೆಗೆ ಹೊಸ ಬ್ರೌಸರ್ ಡಾಂಗಲ್ಲನ್ನು ಗುರುತು ಹಿಡಿದು, ಪಟ್ಟಿಯಲ್ಲಿ ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ತೋರಿಸಿತು. ಮುಂದಿನ ಗುಂಡಿ ಒತ್ತಲಿಲ್ಲ. ಹೊತ್ತು ಇಳಿದಿತ್ತು, ಹೆಂಗಸರು ಮನೆಗೆ ಹೊರಟಿದ್ದರು. ನಾಳೆ ಬೆಳಿಗ್ಗೆ ಒಬ್ಬರೂ ತಪ್ಪಿಸಬೇಡಿ ಎಂದು ಬಾಗಿಲಲ್ಲಿ ನಿಂತು ಪ್ರತಿಯೊಬ್ಬರಿಗೂ ಹೇಳಿದೆ.

೩೦ ಅಕ್ಟೋಬರ್, ಗುರುವಾರ

ಆಯಿತು.

ತಕ್ಕಡಿ ಸರಿಸಿ ಕಂಪ್ಯೂಟರನ್ನು ಶೆಡ್ಡಿನ ನಡುವೆ ತಂದಿಟ್ಟೆವು. ತಂತಿ ಸಾಲದೆ ಪಕ್ಕದ ಗೋದಾಮಿನಿಂದ ಎಕ್ಸ್‌ಟೆನ್ಷನ್ ಬೋರ್ಡ್ ತಂದರು. ಸುತ್ತ ಮೂರು ಸುತ್ತು ಹೆಂಗಸರು, ಹಿಂದಿನವರು ಚೀಲದ ಮೇಲೆ ಹತ್ತಿ ನಿಂತರು.

ಸಹಿ ಮಾಡುವ ಮೊದಲು ವರದಿ ಓದಬೇಕೆಂದೆ. ಕಾಣದೆ ಬಿದ್ದ ಸಹಿ ಒಮ್ಮೆ ಸಾಕು. ಮೇಡಂ ಕನ್ನಡದಲ್ಲೂ ಒಂದು ಪ್ರತಿ ಕೊಟ್ಟಿದ್ದರು. ನಿಂತು ಓದಿದೆ. ಈ ಕಂಪನಿಯಲ್ಲಿ ನಲವತ್ತೆರಡು ಮಹಿಳೆಯರು ಎರಡೂ ವರ್ಷ ಕೆಲಸ ಮಾಡಿದ್ದಾರೆ. ಹಿಂದಿನ ವರದಿಗಳು ಸತ್ಯವಲ್ಲ, ಅವುಗಳನ್ನು ಸದಸ್ಯರಿಗೆ ತೋರಿಸದೆ ಸಲ್ಲಿಸಲಾಗಿತ್ತು. ಕೆಲಸದ ದಿನಗಳ ಪಟ್ಟಿ, ಪ್ರತಿಯೊಬ್ಬಳ ಹೆಸರು. ನಲವತ್ತೆರಡು ಹೆಸರನ್ನೂ ಓದಿದೆ. ತಮ್ಮ ಹೆಸರು ಬಂದಾಗ ಕೆಲವರು ಶಾಲೆಯ ಹಾಜರಿಯಲ್ಲಿ ಅಂದಂತೆ "ಹೂಂ" ಎಂದರು.

ಡಾಂಗಲ್ ಚುಚ್ಚಿದೆ. ಪಿನ್ ಕೇಳಿತು. ಶಾರದವ್ವ ಪಕ್ಕದಲ್ಲೇ ಇದ್ದಳು. ಕೈ ಚಾಚಲಿಲ್ಲ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಒಂದೊಂದೇ ಅಂಕಿ ಒತ್ತಿದೆ. ಚಕ್ರ ತಿರುಗಿತು, ತಿರುಗಿತು, ಒಮ್ಮೆ ನಿಂತಿತು. ಮತ್ತೆ ತಿರುಗಿ, ಹಸಿರು ಗುರುತಿನೊಂದಿಗೆ ಸಲ್ಲಿಕೆಯಾಯಿತೆಂದು ಬಂತು.

"ಸಹಿ ಎಲ್ಲಿ ಐತಿ?" ಎಂದಳು ಶಾರದವ್ವ.

ಕಾಗದದ ಕೆಳಗಿನ ನನ್ನ ಹೆಸರು, ತಾರೀಖು, ಗಂಟೆ, ನಿಮಿಷ ತೋರಿಸಿದೆ.

"ಇಷ್ಟಕ್ಕ ಇಷ್ಟ ದಿನ ಸತ್ತೇವಲ್ಲ," ಎಂದು ಅವಳು ನೆಲದ ಮೇಲೆ ಕೂತೇಬಿಟ್ಟಳು.

೧ ನವೆಂಬರ್, ಶನಿವಾರ

ಎಲ್ಲರ ಕಣ್ಣ ಮುಂದೆ ಮಾಡಿದ್ದಕ್ಕೆ ಹೀಗೂ ಒಂದಾಗಿದೆ. ಒತ್ತುವ ಬೆರಳು ನೋಡಿ ನನ್ನ ಪಿನ್ ನಲವತ್ತೆರಡು ಮಂದಿಗೂ ಬಾಯಿಪಾಠವಾಗಿದೆ. ತೊಟ್ಟು ಬಿಡಿಸುವಾಗ ಅದನ್ನೇ ರಾಗವಾಗಿ ಹೇಳುತ್ತಾರೆ, ಎರಡನೆಯ ಸಾಲಿನವರು ಶುರು ಮಾಡಿದರೆ ಗೋಡೆ ಸಾಲಿನವರು ಮುಗಿಸುತ್ತಾರೆ. ನಾನೂ ನಕ್ಕೆ. ನಗಬಾರದಿತ್ತು ಎಂದು ಈಗ ಅನ್ನಿಸುತ್ತಿದೆ.

ಉತ್ತರ ಬಂದಿಲ್ಲ.

೧೧ ನವೆಂಬರ್, ಮಂಗಳವಾರ

ಪರಿಶೀಲನೆಯಲ್ಲಿದೆ. ದಿನಾ ನೋಡುತ್ತೇನೆ.

೧೮ ನವೆಂಬರ್, ಮಂಗಳವಾರ

ಉತ್ತರ ಬಂತು. ನಿರ್ಮಲಾ ಮೇಡಂ ಫೋನಿನಲ್ಲಿ ಓದಿ ಹೇಳುವ ಮೊದಲೇ ನಾನು ಪರದೆಯ ಮೇಲೆ ಕೆಂಪುಬುಟ್ಟಿಯ ಮುಂದಿನ ಇಂಗ್ಲಿಷ್ ಶಬ್ದವನ್ನು ಅಕ್ಷರ ಕೂಡಿಸಿ ಓದಿಕೊಂಡಿದ್ದೆ. ಸಕ್ರಿಯ. ನೋಟಿಸು ಹಿಂದಕ್ಕೆ ಪಡೆದಿದ್ದಾರೆ. ಶೆಡ್ಡಿನಲ್ಲಿ ಬೆಲ್ಲ ಹಂಚಿದರು. ಮೆಣಸಿನಕಾಯಿ ಕೈಯಲ್ಲಿ ಕೊಟ್ಟ ಬೆಲ್ಲ, ಖಾರವಾಗಿತ್ತು.

೧೯ ನವೆಂಬರ್, ಬುಧವಾರ

ಬೆಳಿಗ್ಗೆ ಬೀಗದ ಕೈ ಇಸಿದುಕೊಂಡು ಎಲ್ಲರಿಗಿಂತ ಮೊದಲು ಶೆಡ್ಡಿಗೆ ಹೋದೆ. ಡಾಂಗಲ್ ಚುಚ್ಚಿ, ಹಳೆಯ ಪಿನ್ ಒಮ್ಮೆ, ಹೊಸದು ಎರಡು ಸಲ ಒತ್ತಿ, ಬದಲಾಯಿಸಿದೆ. ಅಷ್ಟರಲ್ಲಿ ಅಮ್ಮಿ ಬಂದಳು, ಹಿಂದೆಯೇ ಶಾರದವ್ವ. ಏನು ಮಾಡುತ್ತಿದ್ದೀಯೆಂದು ಕೇಳಿದರು. ಹೇಳಿದೆ. ಹೊಸದು ಯಾವುದೆಂದು ಅಮ್ಮಿ ಕೇಳಿದಳು. ಅದನ್ನು ಹೇಳಲಿಲ್ಲ. ಡಾಂಗಲ್ ಕುಪ್ಪಸದೊಳಗೆ ಇಟ್ಟುಕೊಂಡು, ನನ್ನ ಬುಟ್ಟಿ ಎಳೆದುಕೊಂಡು ಕೂತೆ.